ಹಾರಂಗಿಯಲ್ಲಿ ಜಾಗ ಬಿಡಬೇಕಾ? ಒಂದು ಪರ, ಒಂದು ವಿರೋಧ

ಮಳೆಗಾಲ ಶುರುವಾದರೆ ಕುಶಾಲನಗರದಲ್ಲಿ ಈ ಚರ್ಚೆಯೂ ಶುರು. ಹಾರಂಗಿ ಡ್ಯಾಂ ಅನ್ನು ಜುಲೈನಲ್ಲೇ ಭರ್ತಿ ಮಾಡುವುದು ಸರಿಯಾ? ಆಗಸ್ಟ್ ಕೊನೆಯವರೆಗೆ ಒಂದಷ್ಟು ಜಾಗ ಖಾಲಿ ಬಿಟ್ಟರೆ, ದೊಡ್ಡ ಮಳೆ ಬಂದಾಗ ಆ ನೀರನ್ನು ಹಿಡಿದುಕೊಳ್ಳಬಹುದಲ್ವಾ? 2018ರ ನೆರೆ, ಭೂಕುಸಿತದ ನಂತರ ಈ ಮಾತು ಜೋರಾಗಿದೆ.

ಹೊರಗಿನವರಿಗಾಗಿ ನಕ್ಷೆ ಸ್ವಲ್ಪ ಹೇಳಬೇಕು. ಕಾವೇರಿ ತಲಕಾವೇರಿಯಿಂದ ಇಳಿದು ಭಾಗಮಂಡಲ, ನಾಪೋಕ್ಲು, ಬೇತ್ರಿ, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರಕ್ಕೆ ಬರುತ್ತಾಳೆ. ಇಷ್ಟು ದೂರದಲ್ಲಿ ಮುಖ್ಯ ನದಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹಾರಂಗಿ ಬೇರೆಯೇ ಹೊಳೆ. ಪುಷ್ಪಗಿರಿ ಕಡೆಯ ಬೆಟ್ಟಗಳ ನೀರು ಅದಕ್ಕೆ ಬರುತ್ತದೆ. ಹುದುಗೂರಿನಲ್ಲಿ ಅದಕ್ಕೆ ಕಟ್ಟೆ. ಕಟ್ಟೆ ದಾಟಿದ ಮೇಲೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಕೂಡಿಗೆ ಇರುವುದು ಕುಶಾಲನಗರದಿಂದ ಕೆಳಗೆ. ಇದನ್ನು ನೆನಪಿಟ್ಟುಕೊಳ್ಳಿ, ಇಡೀ ಜಗಳ ಇದರ ಮೇಲೆಯೇ ನಿಂತಿದೆ.

ಕೂಡಿಗೆಯಿಂದ ಮುಂದೆ ಕೆಆರ್‌ಎಸ್, ತಮಿಳುನಾಡಿನ ಮೆಟ್ಟೂರು ಅಣೆಕಟ್ಟು, ತಿರುಚ್ಚಿ. ಆಮೇಲೆ ತಂಜಾವೂರು, ತಿರುವಾರೂರು, ನಾಗಪಟ್ಟಣದ ಡೆಲ್ಟಾ, ಅಂದರೆ ನದಿ ಕಡಲು ಸೇರುವ ಮುಂಚೆ ಹರಡಿಕೊಳ್ಳುವ ಬಯಲು. ಕೊಡಗಿನ ಚರ್ಚೆಯಲ್ಲಿ ಡೆಲ್ಟಾದ ಮಾತು ಬರುವುದೇ ಇಲ್ಲ. ಬಂದರೂ ಬರುವುದು ಬೈಗುಳವಾಗಿ. ಆದರೆ ಇಲ್ಲಿ ಗೇಟು ಯಾವಾಗ ತೆಗೆಯುತ್ತಾರೆ, ಎಷ್ಟು ಮಣ್ಣು ತಡೆಯುತ್ತಾರೆ ಅನ್ನುವುದರ ಪರಿಣಾಮ ಕೊನೆಗೆ ಮುಟ್ಟುವುದು ಅಲ್ಲಿಗೇ. ಹಾಗಾಗಿ ಎರಡೂ ವಾದದಲ್ಲಿ ಅದನ್ನು ಸೇರಿಸಿದ್ದೇನೆ. ಎರಡನ್ನೂ ಬರೆದವನು ನಾನೇ. ಎರಡಕ್ಕೂ ಸಮ ತೂಕ ಕೊಟ್ಟಿದ್ದೇನೆ ಅಂತ ಹೇಳಿಕೊಳ್ಳುವುದಿಲ್ಲ.

ಪರ: ಜಾಗ ಬಿಡಿ, ತುಂಬಿಸುವ ಆತುರ ಬೇಡ

ಹಾರಂಗಿ ಅಣೆಕಟ್ಟು ಮುಗಿದದ್ದು 1982ರಲ್ಲಿ. ಹಿಡಿಯುವ ನೀರು 8.5 ಟಿಎಂಸಿ. ಇದನ್ನು ಲೆಕ್ಕ ಹಾಕಿದವರ ಎದುರಿಗಿದ್ದದ್ದು ಆಗಿನ ಮಳೆ. ಜೂನ್ ಮೊದಲ ವಾರ ಹಿಡಿಯಿತು ಅಂದರೆ ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಪೂರ್ತಿ ಹಗಲು ರಾತ್ರಿ ಒಂದೇ ಸಮ ಸುರಿಯುತ್ತಿತ್ತು. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕಡಿಮೆಯಾಗುತ್ತಿತ್ತು. ಜೋರು ಮಳೆಯೇ, ಆದರೆ ಅದಕ್ಕೊಂದು ಹದ ಇತ್ತು. ಹೊಳೆ ದಿನಾ ಸ್ವಲ್ಪ ಸ್ವಲ್ಪ ಏರುತ್ತಿತ್ತು, ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು.

ಈಗ ಆ ಹದ ಇಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇಡುವುದು ಹಳೇ ರೂಢಿ. ದಿನಾ ಬೆಳಗ್ಗೆ ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ. ಅಂಥ ಪುಸ್ತಕ ಇಟ್ಟವರನ್ನು ಕೇಳಿ. ವರ್ಷದ ಮೊತ್ತದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೀಳುವ ರೀತಿ ಬದಲಾಗಿದೆ ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಜೂನ್ ಪೂರ್ತಿ ಬಿಸಿಲು ಕಾದು, ಆಮೇಲೆ ನಾಲ್ಕೈದು ದಿನದಲ್ಲಿ ತಿಂಗಳ ಮಳೆ ಸುರಿಯುತ್ತದೆ. ಇದಕ್ಕೆ ಕಾರಣವೂ ಗೊತ್ತಿರುವುದೇ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬೀ ಸಮುದ್ರ ಬಿಸಿಯಾಗಿದೆ. ಅಲ್ಲಿಂದ ಬರುವ ಮೋಡಕ್ಕೆ ಮೊದಲು ಸಿಗುವುದೇ ನಮ್ಮ ಬೆಟ್ಟ.

ಮಳೆ ಬದಲಾಯಿತು, ಡ್ಯಾಂ ತುಂಬಿಸುವ ಮನಸ್ಸು ಮಾತ್ರ ಬದಲಾಗಲಿಲ್ಲ. ಆದಷ್ಟು ಬೇಗ ತುಂಬಿಸು, ಬಾಗಿನ ಬಿಡು, ಫೋಟೋ ತೆಗೆಸು. 2025ರಲ್ಲಿ ಕೆಆರ್‌ಎಸ್‌ಗೆ ಜೂನ್ 30ರಂದೇ ಬಾಗಿನ ಕೊಟ್ಟರು. ಜೂನ್ ತಿಂಗಳಲ್ಲಿ ಹೀಗಾದದ್ದು ಆ ಕಟ್ಟೆಯ ಇತಿಹಾಸದಲ್ಲೇ ಮೊದಲು. ಎಲ್ಲರಿಗೂ ಖುಷಿ. ಖುಷಿ ಪಡಬೇಕಾದದ್ದೇ. ಆದರೆ ಮಳೆಗಾಲದ ಮುಕ್ಕಾಲು ಭಾಗ ಇನ್ನೂ ಬಾಕಿ ಇರುವಾಗ ಕಟ್ಟೆಯಲ್ಲಿ ಒಂದು ಅಡಿ ಜಾಗವೂ ಇಲ್ಲ ಅಂದರೆ ಮುಂದೆ ಬರುವ ನೀರಿಗೆ ದಾರಿ ಯಾವುದು? ತುಂಬಿದ ಕಟ್ಟೆಗೇ ಬಾಗಿನ ಕೊಡಬೇಕು ಅಂತ ಕಾವೇರಮ್ಮ ಯಾವತ್ತಾದರೂ ಕೇಳಿದ್ದಾಳಾ?

2018ನ್ನು ನೋಡಿ. ಕೆಆರ್‌ಎಸ್ ಜುಲೈನಲ್ಲೇ ತುಂಬಿತ್ತು. ಮೆಟ್ಟೂರು ಕೂಡ ಜುಲೈ 23ಕ್ಕೆ ತನ್ನ ಪೂರ್ಣ ಮಟ್ಟ 120 ಅಡಿ ಮುಟ್ಟಿತ್ತು. ಆಮೇಲೆ ಆಗಸ್ಟ್ ನಡುವಿನ ಮಳೆ ಬಂತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಬೆಟ್ಟಗಳೇ ಜಾರಿದವು. ಆ ಕಡೆಯ ಹೊಳೆಗಳ ನೀರೆಲ್ಲ ಹಾರಂಗಿಗೆ ಬರುವುದು. ಕೆಂಪು ಕೆಸರು, ಬುಡಸಮೇತ ಕಿತ್ತ ಮರಗಳು, ಎಲ್ಲ ಸೇರಿ ಕಟ್ಟೆಗೆ ನುಗ್ಗಿದವು. ಕಟ್ಟೆ ಉಳಿಸಿಕೊಳ್ಳಬೇಕಾದರೆ ಗೇಟು ತೆಗೆಯಲೇಬೇಕು. ಅದರಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಅದೇ ಹೊತ್ತಿಗೆ ಕಾವೇರಿಯೂ ದಡ ಮೀರಿ ಬರುತ್ತಿದ್ದಳು. ಕೂಡಿಗೆಯಲ್ಲಿ ಹಾರಂಗಿ ನೀರು ಅಡ್ಡ ಬಂದರೆ ಕಾವೇರಿಗೆ ಮುಂದೆ ಹೋಗಲು ಜಾಗ ಸಿಗುವುದಿಲ್ಲ. ನೀರು ಹಿಂದಕ್ಕೆ ಒತ್ತುತ್ತದೆ. ಹೊಳೆ ಪಕ್ಕದ ಕುವೆಂಪು ಬಡಾವಣೆ, ಸಾಯಿ ಬಡಾವಣೆಯ ಜನ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ.

ಜಾಗ ಬಿಟ್ಟರೆ ಏನು ಸಿಗುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ 11,574 ಘನ ಅಡಿಯಂತೆ ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಹಾರಂಗಿಯಲ್ಲಿ 3 ಟಿಎಂಸಿ ಜಾಗ ಇದೆ ಅಂತ ಇಟ್ಟುಕೊಳ್ಳಿ. 30,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಒಳಗೆ ಬರುತ್ತಿದೆ, 10,000 ಮಾತ್ರ ಹೊರಗೆ ಬಿಡುತ್ತಿದ್ದೀರಿ. ಜಾಗ ತುಂಬಲು ಸುಮಾರು 41 ಗಂಟೆ ಹಿಡಿಯುತ್ತದೆ. ಹತ್ತಿರ ಹತ್ತಿರ ಎರಡು ಹಗಲು, ಒಂದು ರಾತ್ರಿ. ಅಷ್ಟರಲ್ಲಿ ಕಾವೇರಿಯ ಏರು ಕೂಡಿಗೆ ದಾಟಿ ಹೋಗಲು ಸಮಯ ಸಿಗುತ್ತದೆ. ಎರಡು ಹೊಳೆಗಳ ಏರು ಒಂದೇ ಗಳಿಗೆಯಲ್ಲಿ ಸೇರದ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು.

ಹೊರಗೆ ಬಿಟ್ಟ ನೀರು ನಷ್ಟ ಅನ್ನುವವರೂ ಇದ್ದಾರೆ. ಅದು ಪೂರ್ತಿ ನಿಜ ಅಲ್ಲ. ವರ್ಷಕ್ಕೆ ಹಾರಂಗಿಗೆ ಬರುವ ನೀರು ಅದು ಹಿಡಿಯುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಹೇಗಿದ್ದರೂ ಬಿಡಲೇಬೇಕಾದ ನೀರು ಅದು. ಹೆದರಿ ಒಂದೇ ರಾತ್ರಿ ಬಿಡುವ ಬದಲು ಮೊದಲೇ ನಿಧಾನವಾಗಿ ಬಿಡಿ ಅಂತ ಕೇಳುತ್ತಿದ್ದೇವೆ, ಅಷ್ಟೇ. ನೆರೆಯ ಕೇರಳ ಇದನ್ನು ಕಷ್ಟಪಟ್ಟು ಕಲಿಯಿತು. 2018ರಲ್ಲಿ ಅಲ್ಲಿನ ಕಟ್ಟೆಗಳು ತುಂಬಿ ಕೂತಿದ್ದವು. ಆಮೇಲೆ ಇಡುಕ್ಕಿಗೆ ರೂಲ್ ಕರ್ವ್ ಬಂತು. ಯಾವ ತಾರೀಕಿಗೆ ಎಷ್ಟು ಮಟ್ಟ ಮೀರಬಾರದು ಅಂತ ಮೊದಲೇ ಬರೆದಿಡುವ ಪಟ್ಟಿ ಅದು. 2021ರ ಅಕ್ಟೋಬರ್‌ನಲ್ಲಿ ಜೋರು ಮಳೆ ಬಂದಾಗ ಆ ಪಟ್ಟಿಯ ಪ್ರಕಾರ ಮೊದಲೇ ಗೇಟು ತೆಗೆದರು.

ಇನ್ನು ಡೆಲ್ಟಾದ ಕಡೆ ಬನ್ನಿ. ಅದೇ 2018ರ ಆಗಸ್ಟ್. ತುಂಬಿದ್ದ ಮೆಟ್ಟೂರಿನಿಂದ ಎರಡು ಲಕ್ಷ ಕ್ಯುಸೆಕ್ ಆಸುಪಾಸು ನೀರು ಹೊರಬಿತ್ತು. ತಿರುಚ್ಚಿಯ ಹತ್ತಿರ ಮುಕ್ಕೊಂಬುವಿನಲ್ಲಿ ನದಿ ಎರಡಾಗುತ್ತದೆ. ಕಾಲುವೆಗಳಿಗೆ ನೀರು ಕೊಡುವುದು ಕಾವೇರಿ. ಮಿಕ್ಕ ನೆರೆಯನ್ನು ಸಮುದ್ರಕ್ಕೆ ಒಯ್ಯುವುದು ಕೊಳ್ಳಿಡಂ. ಆಗಸ್ಟ್ 22ರ ರಾತ್ರಿ ಮುಕ್ಕೊಂಬುವಿನ ಮೇಲಣೆಯ (ನದಿಯ ನೀರು ಹಂಚುವ ಹಳೇ ಕಟ್ಟೆಯ) ಒಂಬತ್ತು ಗೇಟುಗಳು ಕೊಚ್ಚಿ ಹೋದವು. ಅಷ್ಟು ನೀರು ಹರಿದ ವರ್ಷದಲ್ಲೂ ಡೆಲ್ಟಾದ ಕೊನೆಯ ಹಳ್ಳಿಗಳವರು ಕಾಲುವೆಗೆ ನೀರು ಬಂದಿಲ್ಲ ಅಂತ ಗೋಳಿಟ್ಟರು. ಕಾಲುವೆ ಒಂದು ದಿನಕ್ಕೆ ಎಷ್ಟು ಒಯ್ಯಬಲ್ಲದೋ ಅಷ್ಟೇ ಒಯ್ಯುವುದು. ಉಳಿದದ್ದು ಕೊಳ್ಳಿಡಂ ಪಾಲು. ಅದೇ ನೀರು ಹತ್ತು ದಿನದ ಬದಲು ನಲವತ್ತು ದಿನ ಹರಿದಿದ್ದರೆ ಗದ್ದೆಗೆ ಹೋಗುವ ಪಾಲು ಜಾಸ್ತಿ ಆಗುತ್ತಿತ್ತು. ಮೇಲಿನ ಎಲ್ಲ ಕಟ್ಟೆಗಳಲ್ಲೂ ಸ್ವಲ್ಪ ಸ್ವಲ್ಪ ಜಾಗ ಇದ್ದರೆ ಮಾತ್ರ ಅದು ಸಾಧ್ಯ.

ಕೊನೆಯ ವಿಷಯ ಮಣ್ಣು. ಜನರ ಗಮನಕ್ಕೆ ಬರದೇ ಹೋಗುವುದು ಇದೇ. ಡೆಲ್ಟಾ ಅಂದರೆ ನದಿ ತಂದು ಹಾಕಿದ ಮಣ್ಣು. ಸಮುದ್ರ ಹತ್ತಿರ ಬಂದಾಗ ನೀರಿನ ಓಟ ನಿಲ್ಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ಆ ಮಣ್ಣು ತನ್ನ ಭಾರಕ್ಕೇ ವರ್ಷ ವರ್ಷ ಕುಸಿಯುತ್ತದೆ. ಹೊಸ ಮಣ್ಣು ಬಂದು ಅದನ್ನು ಸರಿದೂಗಿಸಬೇಕು. ಕಟ್ಟೆ ಕಟ್ಟಿದರೆ ಹೊಸ ಮಣ್ಣು ಕಟ್ಟೆಯ ತಳದಲ್ಲೇ ಉಳಿಯುತ್ತದೆ. ಈಜಿಪ್ಟಿನಲ್ಲಿ ಆದದ್ದು ಇದೇ. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಮುಗಿದ ಮೇಲೆ ನೈಲ್ ಡೆಲ್ಟಾಕ್ಕೆ ಹೂಳು ಬರುವುದು ಬಹುತೇಕ ನಿಂತಿತು, ಕಡಲು ದಡವನ್ನು ತಿನ್ನುತ್ತಾ ಬಂತು. ಆದರೆ ಅದೇ ಊರಿನಲ್ಲಿ 1902ರ ಹಳೇ ಕಟ್ಟೆಯೊಂದು ಇತ್ತು. ಅದನ್ನು ನಡೆಸುತ್ತಿದ್ದ ರೀತಿ ಬೇರೆ. ನೆರೆಯ ಕೆಸರು ನೀರು ಬರುವಾಗ ತೂಬುಗಳನ್ನು ತೆರೆದು ಹೋಗಲು ಬಿಡುತ್ತಿದ್ದರು. ಕೊನೆಗೆ ಬರುವ ತಿಳಿ ನೀರನ್ನು ಹಿಡಿಯುತ್ತಿದ್ದರು. ಆಗ ಡೆಲ್ಟಾಕ್ಕೆ ಮಣ್ಣು ಹೋಗುತ್ತಿತ್ತು.

ನಮ್ಮಲ್ಲೂ ಜೂನ್, ಜುಲೈ ನೀರೇ ಜಾಸ್ತಿ ಕೆಂಪು. ಬೇಸಿಗೆಯಲ್ಲಿ ಅಗೆದ ರಸ್ತೆ, ತೋಟದ ಹೊಸ ಅಗೆತ, ಎಲ್ಲ ಕೊಚ್ಚಿ ಬರುವುದು ಆಗ. ಆ ನೀರನ್ನು ಸಾಗಹಾಕಿ ಆಗಸ್ಟ್ ಕೊನೆಯಿಂದ ತುಂಬಿಸಿದರೆ ಹಾರಂಗಿಯ ತಳವೂ ಉಳಿಯುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ಹೂಳೆತ್ತುವ ಮಾತು ಕಡಿಮೆಯಾಗುತ್ತದೆ.

ವಿರೋಧ: ಖಾಲಿ ಕಟ್ಟೆಯಿಂದ ಕೊಡಗಿನ ನೆರೆ ನಿಲ್ಲುವುದಿಲ್ಲ

ಮೇಲಿನ ವಾದದಲ್ಲಿ 41 ಗಂಟೆಯ ಲೆಕ್ಕ ಸರಿಯಾಗಿದೆ. ತೊಂದರೆ ಏನೆಂದರೆ ಕೊಡಗಿನ ಮಳೆ 41 ಗಂಟೆಗೆ ನಿಲ್ಲುವುದಿಲ್ಲ. ಅದೇ ಲೆಕ್ಕವನ್ನು ಐದು ದಿನಕ್ಕೆ ಎಳೆಯಿರಿ. ದಿನಾ 30,000 ಕ್ಯುಸೆಕ್ ಬಂದು 10,000 ಹೊರಗೆ ಹೋದರೆ ಐದು ದಿನದಲ್ಲಿ ಒಳಗೆ ಉಳಿಯುವುದು 8.6 ಟಿಎಂಸಿ. ಇಡೀ ಹಾರಂಗಿ ತಳ ಕಾಣುವಷ್ಟು ಖಾಲಿ ಇದ್ದರೂ ಸಾಲದು. ಅಂದರೆ ಮೂರನೇ ದಿನ ಗೇಟು ತೆಗೆಯಲೇಬೇಕು. ಅಷ್ಟೊತ್ತಿಗೆ ಮಣ್ಣು ನೀರು ಕುಡಿದು ಸಾಕಾಗಿರುತ್ತದೆ. ಬಿದ್ದ ಹನಿಯೆಲ್ಲ ಹೊಳೆಗೇ. ಕಾವೇರಿಯ ದೊಡ್ಡ ಏರು ಬರುವುದೂ ಆಗಲೇ. ಎರಡು ಏರುಗಳನ್ನು ಬೇರೆ ಮಾಡುತ್ತೇವೆ ಅಂತ ಹೊರಟು, ಎರಡನ್ನೂ ಸರಿಯಾಗಿ ಒಂದೇ ದಿನಕ್ಕೆ ತಂದು ಕೂರಿಸಿದ ಹಾಗೆ ಆಗಬಹುದು.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಹಾರಂಗಿ ಬಗ್ಗೆ ಇಷ್ಟು ಜೋರಾಗಿ ಮಾತಾಡುವುದು ಕುಶಾಲನಗರ ಮಾತ್ರ. ಭಾಗಮಂಡಲದ ಸಂಗಮ ಪ್ರತಿ ವರ್ಷ ಮುಳುಗುತ್ತದೆ, ನಾಪೋಕ್ಲು ರಸ್ತೆ ಬಂದ್ ಆಗುತ್ತದೆ. ಚೆರಿಯಪರಂಬು, ಬೇತ್ರಿ, ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ, ಇಲ್ಲೆಲ್ಲ ಹೊಳೆ ಮನೆಯೊಳಗೆ ಬರುತ್ತದೆ. 2019ರ ನೆರೆಯಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಜನ ಏನು ಪಟ್ಟರು ಅಂತ ಕೊಡಗಿನಲ್ಲಿ ಯಾರೂ ಮರೆತಿಲ್ಲ. ಈ ಊರುಗಳೆಲ್ಲ ಕೂಡಿಗೆಯಿಂದ ತುಂಬಾ ಮೇಲೆ ಇವೆ. ಹಾರಂಗಿ ಖಾಲಿ ಇರಲಿ, ತುಂಬಿರಲಿ, ಇವರಿಗೆ ಒಂದೇ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದು ಹೊಸದೇನಲ್ಲ. ಕುಶಾಲನಗರದಲ್ಲಿ 50 ಇಂಚು ಬಿದ್ದರೆ ಜಾಸ್ತಿ. ಕಡಿಮೆ ಮಳೆಯ ಊರಿನಲ್ಲಿ ಕೂತು ಜಾಸ್ತಿ ಮಳೆಯ ನೀರಿನಲ್ಲಿ ಮುಳುಗುತ್ತಾರೆ. ಹಾಗಾಗಿ ಯಾರೋ ಬೇಕೆಂದೇ ನೀರು ಬಿಟ್ಟರು ಅಂತ ಅನಿಸುವುದು ಸಹಜ.

ಆದರೆ ಆ ಬಡಾವಣೆಗಳು ಎಲ್ಲಿವೆ? ಹೊಳೆಯ ಅಂಚಿನ ತಗ್ಗಿನಲ್ಲಿ. ಮಳೆಗಾಲದಲ್ಲಿ ಹೊಳೆ ಹರಡಿಕೊಳ್ಳುವ ಜಾಗ ಅದು. ಅಲ್ಲಿ ಮಣ್ಣು ತುಂಬಿಸಿ ಸೈಟು ಮಾಡಿದರು. ಸೈಟು ಕೊಂಡವರು ಬಹಳಷ್ಟು ಮಂದಿ ನಿವೃತ್ತಿಯ ದುಡ್ಡು ಹಾಕಿದ ಸಾಮಾನ್ಯ ಜನ. ಅವರನ್ನು ದೂರಿ ಪ್ರಯೋಜನ ಇಲ್ಲ. ಆದರೆ ಹೊಸ ಸೈಟುಗಳು ಬರುತ್ತಲೇ ಇರುವಾಗ ಹಾರಂಗಿಯ ನೀರಿನ ಮಟ್ಟವನ್ನೊಂದೇ ಚರ್ಚಿಸುವುದು, ನನಗಂತೂ, ಸೈಟು ಮಾರುವವರಿಗೆ ಮಾಡುವ ಉಪಕಾರದಂತೆ ಕಾಣುತ್ತದೆ. ಡ್ಯಾಂನಲ್ಲಿ ಜಾಗ ಬಿಟ್ಟಿದ್ದಾರೆ, ಇನ್ನು ಹೆದರಿಕೆ ಇಲ್ಲ ಅಂತ ಹೇಳಿ ಇನ್ನೂ ತಗ್ಗಿಗೆ ಹೋಗುತ್ತಾರೆ. ನೆರೆ ತಡೆಯಲು ಕಟ್ಟೆ ಕಟ್ಟಿದ ಕಡೆಯಲ್ಲೆಲ್ಲ ಜನ ಹೊಳೆಗೆ ಹತ್ತಿರ ಹೋಗಿ ಮನೆ ಕಟ್ಟಿದ್ದಾರೆ.

ಬದಲಾದ ಮಳೆ ಅಂದಾಗ ಎಲ್ಲರ ಕಣ್ಣಿಗೂ ಬರುವುದು 2018, 2019. 2023 ಯಾಕೆ ನೆನಪಾಗುವುದಿಲ್ಲ? ಆ ವರ್ಷದ ಆಗಸ್ಟ್, ಇಡೀ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಕೆಆರ್‌ಎಸ್ ತುಂಬಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್. ಮುಂದಿನ ಬೇಸಿಗೆಯಲ್ಲಿ ಕೊಡಗಿನಲ್ಲೇ ಕಾವೇರಿಯ ಹರಿವು ನಿಂತು, ಬಂಡೆಗಳ ನಡುವೆ ಗುಂಡಿ ನೀರು ಮಾತ್ರ ಉಳಿಯಿತು. ಇಂಥ ವರ್ಷದಲ್ಲಿ "ಆಗಸ್ಟ್ ಕೊನೆಯವರೆಗೆ 3 ಟಿಎಂಸಿ ಖಾಲಿ ಬಿಡಿ" ಅಂತ ನಿಯಮ ಇದ್ದಿದ್ದರೆ? ಜುಲೈನ ನೀರನ್ನು ಹೊಳೆಗೆ ಬಿಟ್ಟು, ಆಗಸ್ಟ್ ಮಳೆಗೆ ಕಾದು, ಬರಿಗೈಯಲ್ಲಿ ಕೂರಬೇಕಾಗಿತ್ತು. ಹವಾಮಾನ ಬದಲಾದದ್ದು ಬರೀ ಜೋರು ಮಳೆಯ ಕಡೆಗಲ್ಲ. ಜೋರು ಮಳೆ, ಒಣ ಹವೆ, ಎರಡೂ ಜಾಸ್ತಿಯಾಗಿವೆ. ಮುಂದಿನ ತಿಂಗಳು ಯಾವುದು ಬರುತ್ತದೆ ಅಂತ ಜುಲೈ 20ರಂದು ಹೇಳಬಲ್ಲವರು ಯಾರು? ನಮ್ಮಲ್ಲಿ ರೆಡ್ ಅಲರ್ಟ್ ಕೊಟ್ಟು ಶಾಲೆಗೆ ರಜೆ ಕೊಟ್ಟ ದಿನ ಬಿಸಿಲು ಕಾಯುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ. ಎರಡು ಮೂರು ದಿನದ ಮುನ್ಸೂಚನೆ ಮೊದಲಿಗಿಂತ ಸುಧಾರಿಸಿದೆ, ಒಪ್ಪುತ್ತೇನೆ. ತಿಂಗಳ ಮುನ್ಸೂಚನೆ ನಂಬಿ ಕಟ್ಟೆ ಖಾಲಿ ಇಡುವ ಮಟ್ಟಕ್ಕೆ ಬಂದಿಲ್ಲ.

ಹಾರಂಗಿಯ ಕಾಲುವೆ ನಂಬಿಕೊಂಡವರು ಹೆಚ್ಚಾಗಿ ಕೊಡಗಿನವರಲ್ಲ. ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡಿನ ರೈತರು. ಕುಶಾಲನಗರದ ಹೋಟೆಲಿನ ಚರ್ಚೆಯಲ್ಲಿ ಅವರು ಕೂತಿರುವುದಿಲ್ಲ. ನಾಟಿಯ ಹೊತ್ತಿಗೆ ನೀರು ಸಿಕ್ಕರೆ ಮಾತ್ರ ಅವರಿಗೆ ಬೆಳೆ.

ಇನ್ನು ಡೆಲ್ಟಾ. ಪರ ವಾದ ಮಾಡುವವರು ಅದನ್ನು ತಂದದ್ದು ನನಗೆ ಸಂತೋಷ, ಯಾಕೆಂದರೆ ಅವರ ವಾದ ಸೋಲುವುದು ಅಲ್ಲೇ. ಎರಡು ಲಕ್ಷ ಕ್ಯುಸೆಕ್ ಅಂದರೆ ದಿನಕ್ಕೆ 17 ಟಿಎಂಸಿಗಿಂತ ಜಾಸ್ತಿ. ಹಾರಂಗಿಯ 3 ಟಿಎಂಸಿ ಜಾಗ ಅದರ ಮುಂದೆ ನಾಲ್ಕು ಗಂಟೆಯ ನೀರು. ಆ ನೆರೆಯಲ್ಲಿ ವಯನಾಡಿನಿಂದ ಕಬಿನಿಗೆ ಬಂದ ನೀರೂ ಇತ್ತು, ಹೇಮಾವತಿಯ ನೀರೂ ಇತ್ತು. ಮುಕ್ಕೊಂಬುವಿನ ಕಟ್ಟೆ 1836ರ ಕಾಲದ್ದು. ಸುತ್ತಮುತ್ತ ಮರಳು ಬಗೆದು ಬಗೆದು ನದಿಯ ತಳ ಇಳಿದಿತ್ತು ಅನ್ನುವ ದೂರು ಅಲ್ಲಿನ ಜನರದ್ದು. ಅದನ್ನು ಹುದುಗೂರಿನ ಗೇಟಿಗೆ ತಂದು ಗಂಟು ಹಾಕುವುದು ಸ್ವಲ್ಪ ದೂರದ ಮಾತಾಯಿತು.

ಡೆಲ್ಟಾ ಮುಳುಗುವ ಕಾಲವೂ ಬೇರೆ. ನಮ್ಮ ನೆರೆ ಜುಲೈ, ಆಗಸ್ಟ್‌ನಲ್ಲಿ. ಅವರ ನೆರೆ ಹಿಂಗಾರಿನಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2022ರ ನವೆಂಬರ್‌ನಲ್ಲಿ ಡೆಲ್ಟಾದ ಶೀರ್ಕಾಳಿಯಲ್ಲಿ ಒಂದೇ ದಿನ ಸುಮಾರು 44 ಸೆಂ.ಮೀ. ಮಳೆ ಬಿತ್ತು. ಗದ್ದೆಗಳು ವಾರಗಟ್ಟಲೆ ನೀರಿನಲ್ಲಿ ನಿಂತವು. ಆ ಮಳೆ ಬಿದ್ದದ್ದು ಡೆಲ್ಟಾದ ಮೇಲೆಯೇ. ಮೆಟ್ಟೂರಿನ 93 ಟಿಎಂಸಿ ಖಾಲಿ ಇದ್ದರೂ ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ಅಲ್ಲಿ ಬೇಕಾದದ್ದು ನೀರು ಹೊರಗೆ ಹೋಗುವ ದಾರಿ. ಭೂಮಿ ತಗ್ಗಾಗಿದೆ, ಕಡಲು ಏರಿದೆ, ನೀರು ಹೋಗುವುದಾದರೂ ಎಲ್ಲಿಗೆ? 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಇದೇನು ಮಹಾ ಅನ್ನಿಸಬಹುದು. ಕಡಲಿಗಿಂತ ಒಂದೆರಡು ಮೀಟರ್ ಮಾತ್ರ ಎತ್ತರ ಇರುವ, ಸಾಲದ್ದಕ್ಕೆ ತಾನೂ ಕುಸಿಯುತ್ತಿರುವ ಬಯಲಿನವರಿಗೆ ಹಾಗನ್ನಿಸುವುದಿಲ್ಲ. ಕೊಳವೆಬಾವಿಯಲ್ಲಿ ನೀರು ಎಳೆದಷ್ಟೂ ನೆಲ ಇನ್ನೂ ಕುಸಿಯುತ್ತದೆ, ಉಪ್ಪು ಇನ್ನೂ ಒಳಗೆ ಬರುತ್ತದೆ. ಬಾವಿ ನೀರು ಉಪ್ಪಾದ ಊರುಗಳು ನಾಗಪಟ್ಟಣದ ಕರಾವಳಿಯಲ್ಲಿ ಬೇಕಾದಷ್ಟಿವೆ.

ಉಪ್ಪನ್ನು ಹಿಂದಕ್ಕೆ ತಳ್ಳುವುದು ಯಾವುದು? ನದಿಯ ನೀರೇ. ಅದೂ ಕೊಳ್ಳಿಡಂ ಮೂಲಕ ಸಮುದ್ರಕ್ಕೆ ಹೋಗುವ, ನಾವೆಲ್ಲ ಒಂದೇ ಬಾಯಲ್ಲಿ "ವ್ಯರ್ಥ" ಅನ್ನುವ ನೀರು. ಪಿಚ್ಚಾವರಂ, ಮುತ್ತುಪೇಟೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಿಗೆ ಬರೀ ಉಪ್ಪು ನೀರು ಸಾಲದು, ಸಿಹಿ ನೀರೂ ಬೆರೆಯಬೇಕು. ಮೀನು ಮರಿಗಳಿಗೂ ಅಷ್ಟೇ. ಕಾವೇರಿ ತೀರ್ಪಿನ 740 ಟಿಎಂಸಿ ಲೆಕ್ಕದಲ್ಲಿ ಪರಿಸರಕ್ಕೆ ಇಟ್ಟದ್ದು 10, ತಡೆಯಲಾಗದೆ ಸಮುದ್ರ ಸೇರುತ್ತದೆ ಅಂತ ಬಿಟ್ಟದ್ದು 4. ಉಳಿದದ್ದೆಲ್ಲ ಮನುಷ್ಯರ ಪಾಲು. ಹೀಗಿರುವಾಗ ಡೆಲ್ಟಾಕ್ಕೆ ನಿಜವಾಗಿ ಧಾರಾಳವಾಗಿ ನೀರು ಸಿಗುವುದು 2018ರಂಥ ನೆರೆಯ ವರ್ಷದಲ್ಲಿ ಮಾತ್ರ. ಆ ಏರನ್ನೂ ಎಲ್ಲ ಕಟ್ಟೆಗಳಲ್ಲಿ ಹಿಡಿದು, ಸಪಾಟು ಮಾಡಿ, ಕಾಲುವೆಗೆ ಹೊಂದುವಷ್ಟು ಸಣ್ಣಗೆ ಬಿಡುತ್ತೇವೆ ಅನ್ನುತ್ತಿದ್ದಾರೆ. ಅದರಿಂದ ತಂಜಾವೂರಿನ ಗದ್ದೆಗೆ ಲಾಭ ಇರಬಹುದು. ಸಮುದ್ರದ ಅಂಚಿನ ಊರಿಗೆ ಲಾಭ ಇಲ್ಲ. ಅದೇ 2018ರ ನವೆಂಬರ್ 16ರಂದು ಗಜ ಚಂಡಮಾರುತ ವೇದಾರಣ್ಯದ ಹತ್ತಿರ ದಡ ಹತ್ತಿತು. ಆ ಅಂಚಿನವರು ಮೊದಲಿಗೆ ಕೇಳುವುದು ಎತ್ತರದ ದಡ, ಗಟ್ಟಿಯಾದ ಕಾಂಡ್ಲಾ ಕಾಡು. ಎರಡಕ್ಕೂ ಮಣ್ಣು ಬೇಕು, ಸಿಹಿ ನೀರು ಬೇಕು.

ಮಣ್ಣಿನ ವಾದದಲ್ಲಿ ಒಂದು ಮಾತು ಒಪ್ಪುತ್ತೇನೆ. ಕೆಸರು ನೀರು ಬಿಟ್ಟು ತಿಳಿ ನೀರು ಹಿಡಿಯುವುದು ಒಳ್ಳೇ ಪದ್ಧತಿ. ಪರ ವಾದದ ಅತಿ ಗಟ್ಟಿ ಭಾಗ ಅದು. ಆದರೆ ಅದು ಅವರ ಮೊದಲ ವಾದವನ್ನೇ ಕಡಿಯುತ್ತದೆ. ಹೊಳೆ ಜಾಸ್ತಿ ಮಣ್ಣು ತರುವುದು ದೊಡ್ಡ ನೆರೆಯ ದಿನ. ಖಾಲಿ ಜಾಗದಲ್ಲಿ ಆ ನೆರೆಯನ್ನು ಹಿಡಿದರೆ ಮಣ್ಣನ್ನೂ ಹಿಡಿದ ಹಾಗೆ. ನೆರೆ ತಡೆಯಲು ಜಾಗ ಬೇಕಾ, ಮಣ್ಣು ಕಳಿಸಲು ತೂಬು ತೆರೆದಿರಬೇಕಾ? ಎರಡೂ ಒಂದೇ ದಿನ ಆಗುವುದಿಲ್ಲ. ಅಲ್ಲದೆ ಹಾರಂಗಿ ಬಿಟ್ಟ ಕೆಸರು ಎಲ್ಲಿಗೆ ಹೋಗುತ್ತದೆ? ಕೆಆರ್‌ಎಸ್ ಹಿನ್ನೀರಿಗೆ. ಅಲ್ಲಿ ದಾಟಿದ್ದು ಮೆಟ್ಟೂರಿಗೆ. 1930ರ ದಶಕದಿಂದ ಈ ಎರಡು ಕಟ್ಟೆಗಳೇ ಡೆಲ್ಟಾದ ಮಣ್ಣು ತಿನ್ನುತ್ತಿವೆ. ಅವನ್ನು ಬಿಟ್ಟು ಹಾರಂಗಿಯೊಂದನ್ನೇ ತಿದ್ದಿದರೆ ಕೊಡಗಿನ ಹೂಳನ್ನು ಮಂಡ್ಯಕ್ಕೆ ವರ್ಗ ಮಾಡಿದ ಹಾಗೆ, ಅಷ್ಟೇ.

ಹೂಳು ಕಡಿಮೆ ಮಾಡಬೇಕಾದರೆ ಅದು ಹೊರಡುವ ಜಾಗದಲ್ಲಿ ಕೆಲಸ ಇದೆ. ಬೆಟ್ಟವನ್ನು ನೆಟ್ಟಗೆ ಕಡಿದು ರಸ್ತೆ, ಹೋಂಸ್ಟೇ, ರೆಸಾರ್ಟ್ ಮಾಡುವುದು ನಿಂತರೆ ಸಾಕು, ಬೇರೆ ಯೋಜನೆಯೇ ಬೇಡ. ಇನ್ನೊಂದು ಗದ್ದೆ. ಕೊಡಗಿನ ಕಣಿವೆಗಳಲ್ಲಿ ಬದು ಕಟ್ಟಿದ ಭತ್ತದ ಗದ್ದೆಗಳು ಮಳೆಗಾಲ ಪೂರ್ತಿ ನೀರು ನಿಲ್ಲಿಸಿಕೊಳ್ಳುತ್ತಿದ್ದವು. ಕೂಲಿಯವರು ಸಿಗುವುದಿಲ್ಲ, ಆನೆ ಕಾಟ, ಬೆಲೆ ಇಲ್ಲ ಅಂತ ಒಬ್ಬೊಬ್ಬರೇ ಬಿಟ್ಟರು. ಕೆಲವು ಪಾಳು ಬಿದ್ದವು, ಕೆಲವು ಶುಂಠಿಗೆ ಹೋದವು, ಕೆಲವಕ್ಕೆ ಮಣ್ಣು ತುಂಬಿಸಿ ಮನೆ ಕಟ್ಟಿದರು. ಒಂದು ಎಕರೆ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ 21,780 ಘನ ಅಡಿ. ಸಾವಿರ ಎಕರೆಗೆ ಎರಡು ಕೋಟಿ ಘನ ಅಡಿಗಿಂತ ಜಾಸ್ತಿ. ಹಾರಂಗಿಯ ಮುಂದೆ ಇದು ಸಣ್ಣದು, ಸುಳ್ಳು ಹೇಳುವುದಿಲ್ಲ. ಆದರೆ ಈ ನೀರು ಭಾಗಮಂಡಲ, ನಾಪೋಕ್ಲು ಕಡೆಯ ಕಣಿವೆಗಳಲ್ಲಿ, ಯಾವ ಕಟ್ಟೆಯೂ ಇಲ್ಲದ ಕಾವೇರಿಯ ಮೇಲೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ತೋಡಿಗೆ ಇಳಿಯುತ್ತದೆ. ಗದ್ದೆ ಇಟ್ಟುಕೊಂಡವರಿಗೆ ಎಕರೆಗೆ ಇಷ್ಟು ಅಂತ ಸರ್ಕಾರ ದುಡ್ಡು ಕೊಟ್ಟರೆ ನಾನು ಮೊದಲು ಚಪ್ಪಾಳೆ ಹೊಡೆಯುತ್ತೇನೆ.

ಇಷ್ಟರ ಮೇಲೂ ಹಾರಂಗಿಯಲ್ಲಿ ಜಾಗ ಬಿಡಲೇಬೇಕು ಅಂತ ತೀರ್ಮಾನ ಆದರೆ ಎರಡು ಷರತ್ತು. ಒಂದು, ತಿಂಗಳಿಗೊಂದು ಗೀಟು ಎಳೆಯಬೇಡಿ. ಮೂರು ದಿನದ ಮುನ್ಸೂಚನೆ ನೋಡಿ ಮಟ್ಟ ಇಳಿಸಿ, ಮಳೆ ಬರದಿದ್ದರೆ ಮತ್ತೆ ತುಂಬಿಸಿಕೊಳ್ಳಿ. ಒಳಹರಿವು, ಹೊರಹರಿವು ಗಂಟೆಗೊಮ್ಮೆ ಕೂಡಿಗೆ, ಕುಶಾಲನಗರದ ಜನರ ಫೋನಿಗೆ ಕನ್ನಡದಲ್ಲಿ ಬರಲಿ. ಎರಡು, ಮಳೆ ಕೈಕೊಟ್ಟು ಕಟ್ಟೆ ತುಂಬದೇ ಹೋದ ವರ್ಷ ಅರಕಲಗೂಡು, ಪಿರಿಯಾಪಟ್ಟಣದ ರೈತರಿಗೆ ಹೋದ ಬೆಳೆಯ ದುಡ್ಡು ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದು ಅದೇ ನಿಯಮದಲ್ಲಿ ಬರೆದಿರಲಿ. ಅದನ್ನು ಬರೆಯಲು ಯಾರೂ ತಯಾರಿಲ್ಲ ಅಂದರೆ ನನ್ನ ಓಟು ಜುಲೈನಲ್ಲೇ ತುಂಬಿಸುವ ಕಡೆಗೆ.